ಗೋಡೆಯ ಮೇಲೆ ಆಷಾಢದ ಗಾಳಿ

ಖಾಲಾ ನಮ್ಮ ಮನೆಗೆ ಬಂದಾಗಲೆಲ್ಲ ಅವರ ಎಡಗೆನ್ನೆಯ ಮೇಲೆ ಮರಳು ಅಂಟಿಕೊಂಡಿರುತ್ತಿತ್ತು. "ಮತ್ತೆ ಅಲ್ಲಿ ಮಲಗಿದ್ರಾ?" ಎಂದು ಅಮ್ಮ ನಗುತ್ತಾ ಸೆರಗಿನಿಂದ ಒರೆಸುತ್ತಿದ್ದರು.

ಆರ್.ಟಿ. ನಗರದಲ್ಲಿ ನಮ್ಮ ಹಿಂಬದಿಯ ಕೋಣೆಯಲ್ಲಿ ಬಾಡಿಗೆಗಿದ್ದವರು ಅವರು. ಅವರ ನೆಂಟರ ಮಕ್ಕಳು ಚಿಕ್ಕಮ್ಮನನ್ನು ಕರೆಯುವ ಹಾಗೆ ನಾನೂ ಖಾಲಾ ಎನ್ನುತ್ತಿದ್ದೆ. ಎದುರಿನ ಸೈಟಿನಲ್ಲಿ ಅವರ ಸ್ವಂತ ಮನೆಯ ಗೋಡೆ ಎದೆಮಟ್ಟಕ್ಕೆ ಎದ್ದು ನಿಂತುಬಿಟ್ಟಿತ್ತು. ಪರ್ಮಿಟ್ಟಿಲ್ಲದೆ ಸಿಮೆಂಟ್ ಸಿಗದ ಎಪ್ಪತ್ತರ ದಶಕ ಅದು. ಗಂಡ ತೀರಿಕೊಂಡ ಮೇಲೆ ಆ ಪರ್ಮಿಟ್ಟಿಗಾಗಿ ಅಲೆದದ್ದು ಖಾಲಾ ಒಬ್ಬರೇ. ಸ್ವಂತ ಸೂರಿನಡಿ ಒಂದು ದಿನವಾದರೂ ಮಲಗಬೇಕೆಂಬುದೊಂದೇ ಅವರ ಆಸೆ. ಗಂಡ ತರಿಸಿದ್ದ ಮರಳು ಮುಂದಿನ ಕೋಣೆಯ ತುಂಬ ಹರಡಿ ಬಿದ್ದಿತ್ತು.

ಆಷಾಢದಲ್ಲಿ, ಕಿಟಕಿಗೆಂದು ಬಿಟ್ಟ ಜಾಗದಿಂದ ಗಾಳಿ ನುಗ್ಗಿ ಆ ಮರಳನ್ನು ಅಲೆ ಅಲೆಯಾಗಿ ಮಡಿಸುತ್ತಿತ್ತು.

"ಬಾ ಬೇಟಿ, ಕೆನ್ನೆ ನೆಲಕ್ಕೆ ಇಡು. ಉಸಿರು ಬಿಡ್ಬೇಡ, ನಿನ್ ಉಸಿರಿಗೂ ಓಡುತ್ತೆ ಅದು."

ಮಲಗಿ ನೋಡಿದರೆ, ಅಬ್ಬಾ! ಒಂದೊಂದು ಕಣವೂ ಜಿಗಿಯುತ್ತಿತ್ತು. ಏರನ್ನು ಕುಪ್ಪಳಿಸಿ ಹತ್ತಿ, ನೆತ್ತಿ ದಾಟಿದ್ದೇ ಆಚೆಗೆ ಜಾರುತ್ತಿತ್ತು. ಹಾಗೆ ಜಾರಿ ಜಾರಿ ಇಡೀ ಸಾಲೇ ಮೂಡಣಕ್ಕೆ ನಡೆದುಹೋಗುತ್ತಿತ್ತು. ಮಳೆ ಬಂದರೆ ಬೇರೆಯೇ ಚಿತ್ರ. ನೀರು ಎಲೆಯ ನರಗಳ ಹಾಗೆ ಕವಲೊಡೆದು ಮರಳನ್ನು ಕೊರೆಯುತ್ತಾ ಬಾಗಿಲ ಕಡೆ ಹರಿಯುತ್ತಿತ್ತು. ಮರಳು ಕೊಚ್ಚಿಹೋದೀತೆಂದು ಅಮ್ಮ ಇಟ್ಟಿಗೆ ಅಡ್ಡ ಇಡಲು ಓಡಿದರೆ, ಮನೆಯೊಡತಿ ಖಾಲಾ ಕೊಡೆ ಹಿಡಿದು ನೋಡುತ್ತಾ ನಿಂತಿರುತ್ತಿದ್ದರು!

"ನನ್ ಮನೆ ಕಟ್ಟೋಕೆ ಯಾರೂ ಬರ್ಲಿಲ್ಲ. ಗಾಳಿ, ನೀರು, ಇವೆರಡೇ ದಿನಾ ಕೆಲ್ಸಕ್ಕೆ ಬರ್ತಾವೆ," ಎಂದರು ಒಮ್ಮೆ. ನಗುತ್ತಿದ್ದರೂ ಕಣ್ಣು ತುಂಬಿತ್ತು.

ಕೊನೆಗೂ ಸಿಮೆಂಟ್ ಬಂತು. ಮರಳೆಲ್ಲ ಬಾಂಡ್ಲಿ ಸೇರಿತು. ಮುಂದಿನ ಕೋಣೆಯ ಗೋಡೆಗೆ ಗಾರೆ ಮೆತ್ತಿ ಮೇಸ್ತ್ರಿ ನುಣ್ಣಗೆ ಮಾಡುವಷ್ಟರಲ್ಲಿ ಖಾಲಾ ಅಡ್ಡ ಬಂದು, ಹಸಿ ಗೋಡೆಯ ಮೇಲೆ ಬೆರಳಿನಿಂದ ಅಲೆಗಳನ್ನು ಮೂಡಿಸತೊಡಗಿದರು.

"ಅಮ್ಮಾ, ಇಂಗೆ ಬಿಟ್ರೆ ನನ್ ಹೆಸ್ರು ಹಾಳಾಗ್ತದೆ," ಎಂದ ಮೇಸ್ತ್ರಿ.

"ಇದು ನಿನ್ ಕೆಲ್ಸ ಅಲ್ಲ ಕಣಪ್ಪಾ, ಗಾಳೀದು. ಗುರುತಿರ್ಲಿ."

ಗೃಹಪ್ರವೇಶದ ದಿನದಿಂದ ಖಾಲಾ ಆ ಗೋಡೆಯ ಪಕ್ಕದಲ್ಲೇ ಮಲಗುತ್ತಿದ್ದರು. ಎಂಬತ್ತರ ದಶಕದ ಒಂದು ಆಷಾಢದಲ್ಲಿ ತೀರಿಕೊಂಡಾಗಲೂ ಅವರನ್ನು ಅಲ್ಲೇ ಮಲಗಿಸಿದ್ದರು. ಅಳುವ ಹೆಂಗಸರ ನಡುವೆ ಗೋಡೆಗೊರಗಿ ಕೂತಿದ್ದ ನನ್ನ ಕೈ ತಾನಾಗಿ ಆ ಗೆರೆಗಳ ಮೇಲೆ ಹೋಯಿತು. ಪಡುವಣದಿಂದ ನಿಧಾನದ ಏರು, ಮೂಡಣಕ್ಕೆ ಥಟ್ಟನೆ ಇಳಿತ. ಮರಳಿನಲ್ಲಿ ಕಂಡ ಹಾಗೆಯೇ, ಎಲ್ಲೂ ತಪ್ಪಿರಲಿಲ್ಲ. ನೋಡುವುದನ್ನು ನನಗೆ ಕಲಿಸಿದವರು ಇವರು ಎಂದು ಎದೆ ತುಂಬಿ ಬಂತು.

ಗಾಳಿ ಜೋರಾಯಿತೆಂದು ಯಾರೋ ಕಿಟಕಿ ಮುಚ್ಚಲು ಎದ್ದರು.

"ಮುಚ್ಬೇಡಿ," ಎಂದೆ. "ಖಾಲಾ ಮನೆ ಕೆಲ್ಸಕ್ಕೆ ಬರ್ತಿದ್ದ ಗಾಳಿ ಅದು."