ಕೌದಿಯ ಹೊಟ್ಟೆಗೆ ರೊಟ್ಟಿ

ನನ್ನ ಸೋದರತ್ತೆಗೆ ಕೌದಿ ಹೊಲಿಯಲು ಬರುವುದಿಲ್ಲವೆಂದು ತೀರ್ಪು ಕೊಟ್ಟವಳು ನಾನೇ. ಅದು ನನಗೆ ಗೊತ್ತಾದದ್ದು ರಾಣೆಬೆನ್ನೂರಿನ ಒಂದು ಮದುವೆಯಲ್ಲಿ, ಊಟಕ್ಕೆ ಕೂತಾಗ.

ಹಳೆ ಸೀರೆಗಳನ್ನು ಪದರು ಪದರಾಗಿ ಕೂಡಿಸಿ ಹವ್ಯಾಸಕ್ಕೆ ಕೌದಿ ಹೊಲಿಯುವ ಹೆಂಗಸರಿಗೆಂದು ಹಾವೇರಿಯಲ್ಲಿ ಕೂತು ಆನ್‌ಲೈನಿನಲ್ಲಿ ಒಂದು ಹರಟೆಕಟ್ಟೆ ಶುರುಮಾಡಿದ್ದೆ. ಅದರ ಹಣೆಯ ಮೇಲೆ, ನನ್ನ ಮದುವೆಗೆ ಅತ್ತೆ ಹೊಲಿದುಕೊಟ್ಟ ಕೌದಿಯ ಫೋಟೊ. ಕಟ್ಟೆಗೆಂಥ ಕದ, ಯಾರು ಬೇಕಾದರೂ ಬರಲಿ ಎಂದು ಬಿಟ್ಟಿದ್ದೆ.

ಬ್ಯಾಡಗಿಯ ಗೆಳತಿ ತನ್ನ ಕೌದಿ ಹಿಡಿದು ನಿಂತ ಫೋಟೊ ಹಾಕಿದಳು. ಯಾವನೋ ಅದರ ಕೆಳಗೆ ಓದಬಾರದ್ದನ್ನು ಬರೆದ. ಅವಳು ಫೋನಿನಲ್ಲಿ ಅತ್ತಳು, ನಾನು ಕೆಂಡವಾದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ; ನಾನೂ ಅಂದೇ ಅವನನ್ನು ತೆಗೆದುಹಾಕಿ ಬಾಗಿಲಿಗೊಂದು ಪ್ರಶ್ನೆ ಇಟ್ಟೆ: ಕೊನೆಯ ಮೂಲೆ ಮುಚ್ಚುವ ಮುಂಚೆ ಕೌದಿಯ ಹೊಟ್ಟೆಗೆ ಏನಿಡುತ್ತಾರೆ? ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಮುಚ್ಚಬಾರದೆಂಬುದು ಹೊಲಿಯುವವರಿಗಷ್ಟೇ ಗೊತ್ತು. ನನ್ನ ಗಂಡನ ಮನೆಯಲ್ಲಿ ನಾಲ್ಕು ಜೋಳದ ಕಾಳು ಇಡುತ್ತಾರೆ. ಮೂರು ಸಲದಲ್ಲಿ 'ಜೋಳ' ಎಂದು ಬರೆಯದವರನ್ನು ಕಂಪ್ಯೂಟರೇ ಹೊರಗೆ ಹಾಕುತ್ತಿತ್ತು. ಯಾರು ಏನು ಬರೆದರೆಂದು ನಾನು ನೋಡಲೂ ಇಲ್ಲ. ಎಂಥ ಜಾಣೆ ನಾನು ಎಂದು ಬೀಗುತ್ತಿದ್ದೆ.

ಮದುವೆಯಲ್ಲೂ ಅದನ್ನೇ ಕೊಚ್ಚಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಮೇಡ್ಲೇರಿಯಿಂದ ಬಂದ ಅತ್ತೆ. ಅವಳ ಕೈ ನಡುಗಿ ಲೋಟದ ನೀರು ಎಲೆಯ ಮೇಲೆ ಚೆಲ್ಲಿತು.

"ನಾನೂ ಬಂದಿದ್ದೆ ಯವ್ವಾ ನಿನ್ನ ಕಟ್ಟಿಗೆ," ಎಂದಳು. "ಸೊಸಿ ಕೈಲೆ ಬರಸಿದ್ದೆ. ಮೂರು ಸಲ ರೊಟ್ಟಿ ಅಂದೆ. ಮೂರು ಸಲನೂ ತಪ್ಪು ಅಂತು. ಕೌದಿ ಬಲ್ಲವರಿಗಷ್ಟ ಅಂತ ಬಂತಂತ."

"ರೊಟ್ಟಿನ?"

"ಮತ್ತೇನ? ನಮ್ಮ ಕಡೆ ರೊಟ್ಟಿ ಚೂರ ಇಡತೇವಿ. ಕೈ ನೋಡು, ಹೆಂಗ ನಡಗಾಕತ್ತಾವ. ಇವು ಪೂರಾ ಸೋಲೂದ್ರೊಳಗ ಮೂಲಿ ಮುಚ್ಚೂದು ಯಾರಿಗರ ಕಲಸಬೇಕಂತ ಬಂದಿದ್ದೆ."

ಅಲ್ಲೇ ಎಡಗೈಯಲ್ಲಿ ಮೊಬೈಲ್ ತೆಗೆದೆ, ಅವಳ ಅರ್ಜಿ ಹುಡುಕಲು. ಅದಕ್ಕೂ ಮೊದಲು ಕಣ್ಣಿಗೆ ಬಿದ್ದದ್ದು ಬೇರೆಯೇ: ಹೊಸ ಫೋಟೊ ಒಂದರ ಕೆಳಗೆ ಅದೇ ಹೊಲಸು ಮಾತು, ಹೊಸ ಹೆಸರಿನಲ್ಲಿ. ಬ್ಯಾಡಗಿಯ ಗೆಳತಿಗೆ ಫೋನ್ ಮಾಡಿದೆ.

"ಹೊಸಾಬರು ಒದ್ದಾಡ್ತಿದ್ರು ಪಾಪ," ಎಂದಳು. "ಜೋಳ ಅಂತ ಹಾಕ್ರಿ, ಬಿಡ್ತದ ಅಂತ ಕಟ್ಟಿ ಹೊರಗ ಎಲ್ಲಾರಿಗೂ ಕಾಣೂಹಂಗ ಬರದಿದ್ದೆ. ಯಾಕ?"

ಫೋನ್ ಇಟ್ಟೆ. ಅಂದರೆ ನನ್ನ ಕದ ತಡೆದದ್ದು ಒಬ್ಬಳನ್ನೇ.

ಅತ್ತೆ ಎಲೆ ಮಡಿಸುತ್ತ, ಸಿಟ್ಟಿಲ್ಲದೆ ಕೇಳಿದಳು: "ನಿನ್ನ ಲಗ್ನಕ್ಕ ಕೊಟ್ಟಿದ್ದರಾಗೂ ರೊಟ್ಟಿನ ಇಟ್ಟಿದ್ದೆ. ಹಂಗಾದ್ರ ಅದು ಕೌದಿ ಅಲ್ಲೇನವ್ವಾ?"

ಈಗ ಆ ಪ್ರಶ್ನೆ ತೆಗೆದಿದ್ದೇನೆ. ಬರುವ ಒಬ್ಬೊಬ್ಬರಿಗೂ ಫೋನ್ ಮಾಡಿ, ಮಾತಾಡಿಸಿ ಸೇರಿಸಿಕೊಳ್ಳುತ್ತೇನೆ. ಅತ್ತೆಯ ಹೆಸರನ್ನು ಮೊದಲು ನಾನೇ ಸೇರಿಸಿದೆ. ಅವಳು ಇನ್ನೂ ಒಳಗೆ ಬಂದಿಲ್ಲ.