ಗೋವಿಂದಯ್ಯನ ಕರಣೆ

ಕಂಪಲಾಪುರದ ಜಯಲಕ್ಷ್ಮಮ್ಮನಿಗೆ ಸಿಮೆಂಟಿನ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಗಂಡ ಗೋವಿಂದಯ್ಯನ ಜೊತೆ ಇಪ್ಪತ್ತೆರಡು ವರ್ಷ ಗಾರೆ ಕೆಲಸಕ್ಕೆ ಹೋಗಿ, ಕಲಸಿ, ಬಾಂಡ್ಲಿ ಹೊತ್ತು, ಹೊಸ ಗೋಡೆಗಳಿಗೆ ಬೆಳಗ್ಗೆ ಸಂಜೆ ನೀರು ಹೊಡೆದವಳು. ಆದರೆ ಗಾರೆ ಮೆತ್ತಿ ನಯ ಮಾಡುವ ಕರಣೆ ಮಾತ್ರ ಅವಳ ಕೈಗೆ ಬಂದದ್ದೇ ಇಲ್ಲ. ಅದು ಗಂಡಸರದು, ಬಾಂಡ್ಲಿ ಹೆಂಗಸರದು. ಆಯುಧ ಪೂಜೆಯ ದಿನ ಅದನ್ನು ತೊಳೆದು ಕುಂಕುಮ ಇಡುವುದಷ್ಟೇ ಅವಳ ಪಾಲಿಗೆ. ಒಮ್ಮೆ ಬಾಯಿಬಿಟ್ಟು ಕೇಳಿದ್ದಕ್ಕೆ ಗೋವಿಂದಯ್ಯ, "ನಿಂಗ್ಯಾಕೆ ಅದು? ಮೊದ್ಲು ನೆಟ್ಟಗೆ ಕಲಸು," ಅಂದಿದ್ದ. ಅವಳು ಮತ್ತೆ ಕೇಳಲಿಲ್ಲ. ಹಾಗಂತ ಆಸೆ ಹೋಯಿತೇ? ಎಲ್ಲಿಂದ ಹೋದೀತು!

ಈಗ ನೋಡಿದರೆ ಅದೇ ಕರಣೆ ವಾರಗಿತ್ತಿಯ ಕೈಯಲ್ಲಿತ್ತು.

ವಾರಗಿತ್ತಿ ರೂಪಶ್ರೀ ಈ ಮನೆಗೆ ಬಂದು ಎರಡು ವರ್ಷವೂ ತುಂಬಿಲ್ಲ. ಫೋನಿನಲ್ಲಿ ನೋಡಿಕೊಂಡು, ಖಾಲಿ ಮೊಸರಿನ ಡಬ್ಬ, ಪೇಂಟ್ ಬಕೆಟ್ಟುಗಳ ಒಳಗೆ ಎಣ್ಣೆ ಸವರಿ, ಸಿಮೆಂಟ್ ಹುಯ್ದು, ನಡುವೆ ಚಿಕ್ಕ ಡಬ್ಬ ಒತ್ತಿ ಹೂವಿನ ಕುಂಡ ಮಾಡುತ್ತಿದ್ದಳು. ಅಂಚು ಒರಟಾಯಿತೆಂದು ಅವಳು ಗೊಣಗಿದ್ದೇ ತಡ, ಗೋವಿಂದಯ್ಯ ತಾನಾಗಿಯೇ ಕರಣೆ ತಂದುಕೊಟ್ಟ.

"ತಕೋ ರೂಪ, ಇದ್ರಲ್ಲಿ ನಯ ಮಾಡು. ನಿನ್ ಕೈ ಚೆನ್ನಾಗದೆ ಕಣವ್ವ!"

ಜಯಲಕ್ಷ್ಮಮ್ಮನ ಹೊಟ್ಟೆ ಉರಿದುಹೋಯಿತು. ಇಷ್ಟು ವರ್ಷದಲ್ಲಿ ತನಗೆ ಒಂದು ಸಲವಾದರೂ ಆ ಮಾತು ಅಂದಿದ್ದನೇ ಈ ಮಹಾರಾಯ? ಅವಳೂ ಹಟ ಹಿಡಿದು, ಎಣ್ಣೆ ಡಬ್ಬಗಳನ್ನು ಕೊಯ್ದು ಐದು ಕುಂಡ ಹುಯ್ದಳು. ಕರಣೆ ಕೇಳಲಿಲ್ಲ. ಸ್ಟೀಲ್ ಲೋಟದ ತಳದಿಂದಲೇ ಅಂಚು ಉಜ್ಜಿದಳು.

ಅಷ್ಟರಲ್ಲಿ ಕಾಕನಕೋಟೆ ಕಡೆ ಹೋಂಸ್ಟೇ ನಡೆಸುವ ಹೆಂಗಸೊಬ್ಬರು ಇವರ ಕುಂಡಗಳ ಸುದ್ದಿ ಕೇಳಿ ಫೋನ್ ಮಾಡಿದರು. ಸೋಮವಾರ ಬಂದು ನೋಡುತ್ತಾರಂತೆ, ಯಾರದು ಹಿಡಿಸಿತೋ ಅವರಿಗೆ ನಲವತ್ತು ಕುಂಡ ಹೇಳುತ್ತಾರಂತೆ. ಗೋವಿಂದಯ್ಯನಿಗೆ ಹುರುಪು ಬಂತು.

"ಆರ್ಡರ್ ಯಾರ್ಗೆ ಸಿಕ್ತದೋ ಕರಣೆ ಅವರ್ದೇ. ನಾನು ಬೇರೆ ತಕತೀನಿ," ಅಂದುಬಿಟ್ಟ.

ಶುಕ್ರವಾರ ರೂಪಶ್ರೀ ಕುಂಡಗಳನ್ನು ಡಬ್ಬದಿಂದ ಬಿಡಿಸಿ, ಬೇಗ ಒಣಗಲೆಂದು ತಾರಸಿಯ ಸುಡುಬಿಸಿಲಿಗೆ ಇಟ್ಟಳು. ಬಟ್ಟೆ ಹರವಲು ಹೋದ ಜಯಲಕ್ಷ್ಮಮ್ಮ ಅದನ್ನು ಕಂಡಳು. ಅಯ್ಯೋ, ಹಸಿ ಸಿಮೆಂಟನ್ನು ಯಾರಾದರೂ ಬಿಸಿಲಿಗೆ ಇಡುತ್ತಾರೆಯೇ? ನೆರಳಲ್ಲಿಟ್ಟು, ಒದ್ದೆ ಗೋಣಿಚೀಲ ಹೊದಿಸಿ, ವಾರವಾದರೂ ನೀರು ಕುಡಿಸಬೇಕು. ತಾನು ಹುಯ್ದ ಕುಂಡಗಳು ಹಿತ್ತಿಲ ನೆರಳಲ್ಲಿ ಹಾಗೇ ಇದ್ದವು. ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಫೋನೇ ಹೇಳಿಕೊಡಲಿ ಬಿಡು ಅಂದುಕೊಂಡಳು.

ಭಾನುವಾರ ರೂಪಶ್ರೀಯೇ ಕರೆದು ತೋರಿಸಿದಳು. "ಅಕ್ಕ, ಬೆಳ್ಳಗಾಗವೆ ನೋಡಿ. ಚೆನ್ನಾಗಿ ಒಣಗವೆ ಅಲ್ವಾ?"

"ಊಂ, ಒಣಗವೆ ಬುಡು," ಅಂದಳು ಜಯಲಕ್ಷ್ಮಮ್ಮ.

ಸೋಮವಾರ ಹೋಂಸ್ಟೇಯವರು ಬಂದು ರೂಪಶ್ರೀಯ ಕುಂಡ ಎತ್ತಿ ನೋಡಿದರು. ಮೈತುಂಬ ಕೂದಲೆಳೆಯಂಥ ಸೀಳು. ಇನ್ನೊಂದನ್ನು ಎತ್ತುವಾಗ ಅಂಚು ಕಳಚಿ ಕೈಗೇ ಬಂತು. ಆಮೇಲೆ ಹಿತ್ತಿಲಿಗೆ ಹೋಗಿ ಜಯಲಕ್ಷ್ಮಮ್ಮನವು ನೋಡಿ, ನಲವತ್ತನ್ನೂ ಅವಳಿಗೇ ಹೇಳಿ ಹೊರಟರು.

ರೂಪಶ್ರೀ ಅತ್ತಳು. ಆಮೇಲೆ ಕರಣೆಯನ್ನು ತೊಳೆದು, ಸೆರಗಿನಲ್ಲಿ ಒರೆಸಿ ತಂದಳು.

"ತಕಳಿ ಅಕ್ಕ, ನಿಮ್ಗೇ ಸೇರ್ಬೇಕಾದ್ದು. ನಾನೇ ಏನೋ ಎಡವಟ್ಟು ಮಾಡ್ಕಂಡೆ."

ಜಯಲಕ್ಷ್ಮಮ್ಮ ಕರಣೆ ಹಿಡಿದಳು. ಮರದ ಹಿಡಿ ಗಂಡನ ಕೈಯಲ್ಲಿ ಸವೆದು ನುಣ್ಣಗಾಗಿತ್ತು. ಖುಷಿಯಾಗಬೇಕಿತ್ತು. ಎದುರಿಗೆ ಈ ಹುಡುಗಿ ತನ್ನನ್ನು ತಾನೇ ಬೈದುಕೊಳ್ಳುತ್ತಾ ನಿಂತಿದ್ದಳಲ್ಲ, ಆಗಲಿಲ್ಲ.

"ನಿನ್ನ ತಪ್ಪೇನಿಲ್ಲ ಕಣವ್ವ," ಅಂದಳು. "ಬಿಸ್ಲಿಗಿಟ್ರೆ ಸೀಳ್ತವೆ ಅಂತ ನಂಗೊತ್ತಿತ್ತು. ಮೂರು ದಿನ ನೋಡ್ಕಂಡೇ ಸುಮ್ಕಿದ್ದೆ. ನಿನ್ನೆ ನೀನು ಕೇಳ್ದಾಗ್ಲೂ ಸುಳ್ಳು ಹೇಳ್ದೆ. ಹೊಟ್ಟೆಕಿಚ್ಚು ಕಣೆ."

ರೂಪಶ್ರೀ ಅವಳ ಮುಖವನ್ನೇ ನೋಡಿದಳು. ಕರಣೆಯನ್ನು ಅವಳ ಕೈಯಿಂದ ಕಿತ್ತುಕೊಂಡು ಒಳಗೆ ಹೋದಳು.

ಜಗಲಿಯಲ್ಲಿ ಕೂತಿದ್ದ ಗೋವಿಂದಯ್ಯ ಹಣೆ ಚಚ್ಚಿಕೊಂಡ. "ಬಾಯ್ ಮುಚ್ಕಂಡಿದ್ದಿದ್ರೆ ಕರಣೆ ನಿಂದೇ ಆಗ್ತಿತ್ತಲ್ಲೇ!"

"ಮೂರು ದಿನ ಮುಚ್ಕಂಡಿದ್ದೆ," ಅಂದಳು ಜಯಲಕ್ಷ್ಮಮ್ಮ. "ಸಾಕಾಗೋಯ್ತು."