ಒಡಕು ಬಳೆಯನ್ನು ಮುಂದಿಡುತ್ತಿದ್ದವಳು

ಅಕ್ಕನ ಮದುವೆಯ ಮಾತುಕತೆಯಲ್ಲಿ ಅವ್ವನ ಕಿವಿಯ ಬುಗುಡಿ ಹೋದವು. ನನ್ನ ಕೆನ್ನೆಯ ಬಿಳಿ ಮಚ್ಚೆಯಿಂದಾಗಿ ಹೋದವು ಎಂದು ಮನೆಯವರು ಇಂದಿಗೂ ಹೇಳುತ್ತಾರೆ. ಸುಳ್ಳು. ಮಚ್ಚೆಯನ್ನು ಮುಚ್ಚಿಟ್ಟದ್ದರಿಂದ ಹೋದವು. ಮುಚ್ಚಿಡುವುದು ತಪ್ಪೆಂದು ಅಂದೇ ಬಾಯಿಬಿಟ್ಟು ಹೇಳಿದವಳು ನಮ್ಮ ಬಳೆಗಾರ್ತಿ ಒಬ್ಬಳೇ.

ಆಕೆಯ ಹೆಬ್ಬೆರಳ ತುಂಬ ಗಾಜು ಗೀರಿದ ಸಣ್ಣ ಸಣ್ಣ ಗೆರೆಗಳು. ಪುಣೆಯ ಪೇಟೆಯೊಳಗೆ ಹತ್ತಾರು ಸಂಸಾರಗಳಿದ್ದ ನಮ್ಮ ವಾಡೆಗೆ ಬಳೆಯ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಬರುತ್ತಿದ್ದಳು. ಬೀದಿಯಲ್ಲೆಲ್ಲ ಮರಾಠಿ, ನಮ್ಮ ಹೊಸ್ತಿಲು ದಾಟಿದರೆ ಬೆಳಗಾವಿಯ ಕನ್ನಡ. ಕೂತ ಕೂಡಲೇ ಬಿರುಕು ಬಿಟ್ಟ, ಬಣ್ಣ ಮಾಸಿದ ಬಳೆಗಳನ್ನೇ ಬಿಚ್ಚಿ ಚಾಪೆಯ ಮುಂದುಗಡೆ ಇಡುವಳು. "ಇವು ನಾ ಕಂಡ ಕೊರತಿ. ಉಳಿದದ್ರಾಗ ನೀವ ಹುಡುಕ್ರಿ," ಎನ್ನುವಳು. ಯಾರೂ ಹುಡುಕುತ್ತಿರಲಿಲ್ಲ. ಹೇಳಿದ ಬೆಲೆಗೆ ಕೈ ಚಾಚುತ್ತಿದ್ದರು.

ನನಗೆ ಎಂಟು ವರ್ಷವಿದ್ದಾಗ, ಬೇಸಿಗೆಯಲ್ಲಿ, ಎರಡೂ ಕೆನ್ನೆಯ ಮೇಲೆ ಮಾಸಲು ಬಿಳಿ ಮಚ್ಚೆಗಳು ಕಾಣಿಸಿಕೊಂಡವು. ನೋವಿಲ್ಲ, ತುರಿಕೆಯಿಲ್ಲ. ವಾಡೆಯ ಹೆಂಗಸರು "ಕೋಡ, ಕೋಡ" ಎಂದು ಪಿಸುಗುಟ್ಟಿದರು. ಮರಾಠಿಯಲ್ಲಿ ತೊನ್ನಿಗೆ ಹಾಗೆನ್ನುತ್ತಾರೆ. ಅಷ್ಟು ಸಾಕಾಯಿತು. ಸೋದರತ್ತೆ ತೊನ್ನಿಗೆ ಹಚ್ಚುವ ಬಾವಂಚಿ ಬೀಜ ಅರೆದು ನನ್ನ ಎಡಗೆನ್ನೆಗೆ ತಿಕ್ಕಿ ಬಿಸಿಲಲ್ಲಿ ಕೂರಿಸಿದಳು. ಗುಳ್ಳೆ ಎದ್ದು ಒಡೆಯಿತು. ಮಚ್ಚೆ ಮುಂದೆ ತಾನಾಗಿಯೇ ಹೋಯಿತು. ಅತ್ತೆ ಸುಟ್ಟ ಕಲೆ ಮಾತ್ರ ಇನ್ನೂ ಇದೆ.

ಧಾರವಾಡದ ಕಡೆಯವರು ಅಕ್ಕನನ್ನು ನೋಡಲು ಬರುವ ದಿನ ಅತ್ತೆ ನನ್ನನ್ನು ಪಡಸಾಲೆಯ ಪಕ್ಕದ ಕಟ್ಟಿಗೆ ಕೋಣೆಗೆ ತಳ್ಳಿ ಚಿಲಕ ಹಾಕಿದಳು. "ಕೆಮ್ಮಿದಿ ಅಂದ್ರ ನಿಮ್ಮಕ್ಕನ ಲಗ್ನ ಮುರೀತದ, ನೋಡು." ಎಂಟು ವರ್ಷದ ಕೂಸಿಗೆ ಹೇಳುವ ಮಾತೇ ಇದು? ನೆನೆದರೆ ಈಗಲೂ ಮೈ ಉರಿಯುತ್ತದೆ. ಸೆರಗು ಬಾಯಿಗೆ ತುರುಕಲು ಸೀರೆಯೂ ಇರಲಿಲ್ಲ. ಲಂಗದ ತುದಿಯನ್ನೇ ಕಚ್ಚಿಕೊಂಡು ಕೂತೆ.

ಬಳೆಗಾರ್ತಿ ಪಡಸಾಲೆಯ ಮೂಲೆಯಲ್ಲಿ ಅಕ್ಕನಿಗೆ ಬಳೆ ತೊಡಿಸುತ್ತಿದ್ದಾಗಲೇ ಗಂಡಿನವರು ಬಂದುಬಿಟ್ಟರು. ಗಂಡಿನ ತಾಯಿ ಕೇಳಿದ್ದು ನನಗೆ ಒಳಗೇ ಕೇಳಿಸಿತು: "ಸಣ್ಣ ಮಗಳೊಬ್ಬಾಕಿ ಅದಾಳಂತಲ್ರಿ?"

"ಮಾಮಾನ ಮನಿಗೆ, ಹಡಪಸರಕ್ಕ ಹೋಗ್ಯಾಳ್ರಿ," ಎಂದಳು ಅತ್ತೆ.

"ಈಗ ನನ್ನ ಬಳಿಗೋಳನ್ನ ಎಣಿಸಿಕೋತ ಕೂತಿದ್ಲಲ್ರಿ ಬಾಯಾರ! ರೆಕ್ಕಿ ಬಂದ್ವೇನು?" ಬಳೆಗಾರ್ತಿಯ ದನಿ. ಮರುಗಳಿಗೆ ಚಿಲಕ ತೆರೆದುಕೊಂಡಿತು. ಆಕೆ ನನ್ನ ಕೈ ಹಿಡಿದು ತಂದು ಗಂಡಿನ ತಾಯಿಯ ಎದುರಿಗೇ ಕೂರಿಸಿದಳು.

"ನೋಡ್ರಿ ಅಕ್ಕಾರ. ದಿನಾ ಮಂದಿ ಮಕ್ಕಳ ಕೈ ಹಿಡಿಯೂದ ನನ್ನ ಕಸಬು. ತೊನ್ನಾದ್ರ ಹಾಲು ಚೆಲ್ಲಿದಂಗ ಅಚ್ಚ ಬಿಳುಪು, ಅಂಚು ಎದ್ದು ಕಾಣತದ. ಇದು ಹಿಟ್ಟು ಸವರಿದಂಗ ಅದ. ಮಕ್ಕಳಿಗೆ ಬರತದ, ಹೋಗತದ. ತೊನ್ನೇ ಆಗಿದ್ರೂ ಈ ಕೂಸೇನು ಕಳುವು ಮಾಡ್ಯಾಳೇನ್ರಿ, ಕೂಡಿ ಹಾಕ್ಲಿಕ್ಕೆ?"

ಗಂಡಿನ ತಾಯಿ ನನ್ನ ಬಲಗೆನ್ನೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ನಮ್ಮ ಹುಡುಗಗೂ ಸಣ್ಣಾವಿದ್ದಾಗ ಆಗಿದ್ವು," ಎಂದು ನಕ್ಕಳು. ಆಮೇಲೆ ಅವ್ವನ ಕಡೆ ತಿರುಗಿದಳು, ನಗು ಇರಲಿಲ್ಲ. "ಇಷ್ಟು ಮುಚ್ಚಿದವರು ಇನ್ನೂ ಏನೇನು ಮುಚ್ಚೀರಿ?"

ಅವಳ ಜೊತೆ ಬಂದಿದ್ದ ಹಿರಿಯರಿಗೆ ಅಷ್ಟೇ ಬೇಕಿತ್ತು. ಆ ಒಂದು ಮಾತನ್ನು ಹಿಡಿದು ಎಳೆದೆಳೆದು ಊಟದ ಹೊತ್ತಿಗೆ ಅವ್ವನ ಬುಗುಡಿಯನ್ನೂ ವರದಕ್ಷಿಣೆಗೆ ಸೇರಿಸಿದರು. ಸಂಬಂಧ ಕುದುರಿತು. ಅಕ್ಕ ಅಲ್ಲಿ ಸುಖವಾಗಿಯೇ ಬಾಳಿದಳು.

ಆದರೆ ಬೈಗುಳ ಯಾರಿಗೆ? ಬಳೆಗಾರ್ತಿಗೆ! "ಮನಿ ಮಾನ ಕಳದಳು" ಎಂದು ಅತ್ತೆ ಆಕೆಯನ್ನು ಹೊಸ್ತಿಲು ಹತ್ತಗೊಡಲಿಲ್ಲ. ಅಕ್ಕನ ಮದುವೆಯ ಹಸಿರು ಬಳೆಯನ್ನೂ ಬೇರೆಯವಳು ತೊಡಿಸಿದಳು. ಅವ್ವ, ಅಪ್ಪ ಇಬ್ಬರೂ ಅತ್ತೆಯ ಮಾತಿಗೇ ತಲೆಯಾಡಿಸಿದರು.

ಮುಂದೆ ನಾನು ಇಳಕಲ್ ಸೀರೆಯ ಗಂಟು ಹೊತ್ತು ಬಾರಾಮತಿಯವರೆಗೆ ತಿರುಗಿದೆ. ಇಂದು ಸ್ವಂತ ಅಂಗಡಿಯಿದೆ. ಎಳೆ ಜಾರಿದ ಸೀರೆಯನ್ನೇ ಗಿರಾಕಿಯ ಮುಂದೆ ಮೊದಲು ಬಿಚ್ಚುತ್ತೇನೆ. ಯಾರಿಂದ ಕಲಿತದ್ದು ಎಂದು ಹೇಳಬೇಕಿಲ್ಲ. ಮೊದಲ ಲಾಭದಲ್ಲಿ ಆಕೆಗೊಂದು ಸೀರೆ ತೆಗೆದಿಟ್ಟು ಹುಡುಕಿಕೊಂಡು ಹೋದಾಗ ಆಕೆ ತೀರಿಕೊಂಡು ತಿಂಗಳಾಗಿತ್ತು. ಆಕೆಯ ಸೊಸೆ ಸೀರೆ ತೆಗೆದುಕೊಂಡಳು. ನಮ್ಮ ಮನೆಯವರು ಬಳೆಗಾರ್ತಿಗೆ ಹೇಳಬೇಕಿದ್ದ "ತಪ್ಪಾಯಿತು" ಎಂಬ ಮಾತನ್ನು ಯಾರಿಗೆ ಕೊಡಲಿ?

ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಮಗುವಿನ ಕೆನ್ನೆಯಲ್ಲಿ ಇಂಥ ಮಚ್ಚೆ ಕಂಡರೆ ಡಾಕ್ಟರಿಗೆ ತೋರಿಸಿ, ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿ. ಕಂಡಕಂಡವರು ಹೇಳಿದ ಬೀಜ ಅರೆಯಬೇಡಿ. ಗಂಡಿನವರು ಬಂದ ದಿನ ಅವಲಕ್ಕಿಯ ತಟ್ಟೆಯನ್ನು ಆ ಮಗುವಿನ ಕೈಯಲ್ಲೇ ಕಳಿಸಿ, ಆಮೇಲೆ ಮಾತು ಶುರು ಮಾಡಿ. ಬುಗುಡಿ ಕಿವಿಯಲ್ಲೇ ಉಳಿಯುತ್ತವೆ.